ಬೇಲಿಯಾಚೆಗೆ ಹೋಗುವ ಬಣ್ಣ

ಹೋದ ವರ್ಷ ಬೇಸಿಗೆ ರಜೆಗೆ ಊರಿಗೆ ಬಂದ ನನ್ನ ತಂಗಿಯ ಮಗಳು ಮೈಸೂರಿನ ಒಂದು ನರ್ಸರಿಯಿಂದ ಗಿಡ ತಂದಿದ್ದಳು. ಕಪ್ಪು ಪ್ಲಾಸ್ಟಿಕ್ ಕವರಿನೊಳಗೆ ಮೊಳದುದ್ದದ ಗಿಡ, ತುದಿಯಲ್ಲಿ ಪುಟ್ಟ ಪುಟ್ಟ ಹೂಗಳ ಗೊಂಚಲು. ನಡುವೆ ಹಳದಿ, ಅಂಚಿಗೆ ಬರುಬರುತ್ತಾ ಗುಲಾಬಿ. ಬಸ್ಸಿನಲ್ಲಿ ಉದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡೇ ಬಂದಳಂತೆ. ಅಜ್ಜಿಯ ಅಂಗಳಕ್ಕೆ ಒಂದಿಷ್ಟು ಕಲರ್ ಬೇಕು ಎನ್ನುವುದು ಅವಳ ಬಹಳ ದಿನದ ತಕರಾರು. ಅವ್ವ ಕಣ್ಣು ಕಿರಿದು ಮಾಡಿ ಗಿಡ ನೋಡಿದಳು. ಒಂದು ಎಲೆ ಕಿತ್ತು ಹೊಸಕಿ ಮೂಸಿದಳು.

“ಇದ ದುಡ್ ಕೊಟ್ಟು ತಂದ್ಯಾ ಕೂಸು?”

“ಎಂಬತ್ತು ರೂಪಾಯಿ ಅಜ್ಜಿ.”

“ಕಾಡೊಳಗ ಇದ ಕೀಳಕ ಕೂಲಿ ಕೊಡ್ತರ. ನೀನು ದುಡ್ ಕೊಟ್ಟು ಮನಗ ತಂದಿದ್ದೈಯಲ್ಲ!”

ಅದು ಲಂಟಾನ. ನರ್ಸರಿಯವರು ಬೇರೇನೋ ಚೆಂದದ ಹೆಸರು ಹೇಳಿ ಕೊಟ್ಟಿದ್ದರು. ಬಂಡೀಪುರದ ರಸ್ತೆಯಲ್ಲಿ ಒಮ್ಮೆಯಾದರೂ ಹೋಗಿಬಂದವರಿಗೆ ಈ ಗಿಡದ ಗುರುತು ಹೇಳಬೇಕಾಗಿಲ್ಲ. ಆನೆ ಕಾಣಬಹುದೆಂದು ಕಣ್ಣು ನೆಟ್ಟು ಕೂತವರಿಗೆ ಮೈಲಿಗಟ್ಟಲೆ ಕಾಣುವುದು ಇದೇ. ನನ್ನ ಸೊಸೆಯ ಮುಖ ಸಣ್ಣದಾಯಿತು. “ಇದು ಆ ಜಾತಿ ಅಲ್ಲ ಮಾವ, ಬೀಜ ಕಟ್ಟಲ್ಲ ಅಂತ ಹೇಳಿದ್ರು” ಎಂದು ನನ್ನ ಕಡೆ ತಿರುಗಿದಳು. ಅಜ್ಜಿ ಮೊಮ್ಮಗಳ ನಡುವೆ ನ್ಯಾಯ ಹೇಳುವ ಪಾಳಿ ನನ್ನದಾಯಿತು. ಆ ನ್ಯಾಯವನ್ನು ನಾನು ಇನ್ನೂ ಪೂರ್ತಿಯಾಗಿ ಹೇಳಿ ಮುಗಿಸಿಲ್ಲ.

ಮೊದಲು ಆ ಅಂಗಳದ ಬಗ್ಗೆ ಒಂದು ಮಾತು. ನಮ್ಮ ಉಡಿಗಾಲದ ಕಡೆ ತೋಟ ಎಂದರೆ ನೀರಾವರಿ ಜಮೀನು. ತೆಂಗು, ಬಾಳೆ, ಅರಿಸಿನ ಇರಬೇಕು, ಪಂಪ್‌ಸೆಟ್ ಇರಬೇಕು. ಮನೆ ಮುಂದಿನ 12 ಅಡಿಗೆ 15 ಅಡಿ ಜಾಗವನ್ನು ತೋಟ ಎಂದರೆ ಕೇಳಿದವರು ನಕ್ಕಾರು. ಅದಕ್ಕೊಂದು ಹೆಸರೇ ಇಲ್ಲ. “ಮನ ಮುಂದ” ಅಷ್ಟೆ. ಅಲ್ಲಿ ಅವ್ವನ ತುಳಸಿ ಇದೆ, ಎರಡು ಕೆಂಪು ದಾಸವಾಳ, ಒಂದು ಸಾಲು ಕನಕಾಂಬರ, ಗೋಡೆಯ ಮಗ್ಗುಲಿಗೆ ನೇರಳೆ ಬಣ್ಣದ ಸ್ಫಟಿಕ, ಒಡೆದ ಬಕೆಟ್ಟು ಪೇಂಟ್ ಡಬ್ಬಗಳಲ್ಲಿ ನಿತ್ಯಪುಷ್ಪ. ಸ್ಫಟಿಕ ಚಳಿಗಾಲದಲ್ಲಿ ಮೈತುಂಬ ಬಿಡುತ್ತದೆ, ಉಳಿದ ತಿಂಗಳು ಪೊದೆಯಂತೆ ಮಂಕಾಗಿ ಕೂತಿರುತ್ತದೆ. ಬೇಸಿಗೆ ರಜೆಗೆ ಮಾತ್ರ ಬರುವ ಹುಡುಗಿಗೆ ಎಲ್ಲವೂ ಹಸಿರಾಗಿ ಕಂಡದ್ದರಲ್ಲಿ ತಪ್ಪಿಲ್ಲ. ಅವಳ ಫೋನಿನ ತುಂಬ ಬೇರೆ ಬೇರೆ ಊರಿನವರ ಮನೆಯಂಗಳಗಳಿದ್ದವು: ಬಣ್ಣ ಬಳಿದ ಟೈರುಗಳು, ಗೋಡೆಗೆ ತೂಗುಹಾಕಿದ ಕುಂಡಗಳು, ಪುಟ್ಟ ಜಾಗಕ್ಕೊಂದು ವ್ಯಕ್ತಿತ್ವ ಕೊಡುವುದು ಹೇಗೆ ಎಂಬ ಉಪದೇಶಗಳು.

ವ್ಯಕ್ತಿತ್ವ ಎಂಬ ಆ ಮಾತೇ ನನ್ನನ್ನು ಹಿಡಿದು ನಿಲ್ಲಿಸಿತು. ಅಂಗಳಕ್ಕೆ ಬಣ್ಣ ಸೇರಿಸುವವರು ತಮ್ಮದೊಂದು ಗುರುತನ್ನು ನೆಲದ ಮೇಲೆ ಬರೆಯುತ್ತಾರೆ. ನನ್ನ ಜಾಗ, ನನ್ನ ರುಚಿ, ನನ್ನ ಖುಷಿ. ಇದರಲ್ಲಿ ಯಾರ ಗಂಟೂ ಹೋಗುವುದಿಲ್ಲ ಎಂದು ನಾವು ನಂಬಿದ್ದೇವೆ. ಹಾಗಾದರೆ ಒಂದು ಕುಂಡದ ಹೂವಿಗೆ ಅವ್ವ ಯಾಕೆ ಅಷ್ಟು ಗಟ್ಟಿಯಾಗಿ ಬೇಡ ಎಂದಳು? ನನ್ನ ಖುಷಿಗಾಗಿ ನನ್ನ ಅಂಗಳದಲ್ಲಿ ನಾನು ನೆಡುವ ಗಿಡಕ್ಕೆ ನಾನು ಯಾರಿಗಾದರೂ ಜವಾಬು ಕೊಡಬೇಕೆ?

ಲಂಟಾನದ ಕತೆ ಶುರುವಾಗುವುದೇ ಹೀಗೊಂದು ಖುಷಿಯಿಂದ. ಅದರ ತವರು ಅಮೆರಿಕ ಖಂಡದ ಉಷ್ಣ ಪ್ರದೇಶ. ಯುರೋಪಿನ ತೋಟಗಾರರು ಅದನ್ನು ಒಯ್ದು, ತಳಿಗೆ ತಳಿ ಬೆರೆಸಿ, ಬಣ್ಣ ಹೆಚ್ಚಿಸಿದರು. 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅದು ಅಲಂಕಾರದ ಗಿಡವಾಗಿ ಬಂತು. ಅಲ್ಲಿಂದ ಬಂಗಲೆಗಳ ಅಂಗಳಕ್ಕೆ, ಬೇಲಿಗೆ. ದನ ಬಾಯಿ ಹಾಕದ, ನೀರು ಕೇಳದ, ವರ್ಷವೆಲ್ಲ ಹೂ ಬಿಡುವ ಬೇಲಿ ಎಂದರೆ ಯಾರಿಗೆ ಬೇಡ? ಅದರ ಕಪ್ಪು ಹಣ್ಣು ಮೆಣಸಿನ ಕಾಳಿನಷ್ಟೇ ಇರುತ್ತದೆ. ಪಿಕಳಾರದಂಥ ಹಕ್ಕಿಗಳು ತಿಂದವು, ಹಾರಿದವು, ಹಿಕ್ಕೆ ಹಾಕಿದವು. ಉಳಿದದ್ದನ್ನು ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆಮಹದೇಶ್ವರ ಬೆಟ್ಟಗಳಲ್ಲಿ ಕಣ್ಣಾರೆ ನೋಡಬಹುದು. ಭಾರತೀಯ ವನ್ಯಜೀವಿ ಸಂಸ್ಥೆಯ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಲ್ಲಿ ದೇಶದ ಒಂದೂವರೆ ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು ಕಾಡಿಗೆ ಈ ಗಿಡದ ಕಾಟವಿದೆ. ಅದರ ಕೆಳಗೆ ಹುಲ್ಲು ಏಳುವುದಿಲ್ಲ. ಹುಲ್ಲಿಲ್ಲದ ಕಡೆ ಜಿಂಕೆಗೆ, ಕಾಟಿಗೆ ಮೇವಿಲ್ಲ. ದನ ಅಪ್ಪಿತಪ್ಪಿ ಸೊಪ್ಪು ಹೆಚ್ಚು ತಿಂದರೆ ಈಲಿ ಕೆಡುತ್ತದೆ, ಬಿಸಿಲಿಗೆ ಮೈ ಚರ್ಮ ಸುಡುತ್ತದೆ. ಒಣಗಿದ ಲಂಟಾನ ಬೆಂಕಿಗೆ ಏಣಿ ಇದ್ದಂತೆ. ನೆಲದ ಬೆಂಕಿಯನ್ನು ಮರದ ತಲೆಗೆ ಹತ್ತಿಸುತ್ತದೆ. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಕಡೆ ಕಾಡು ಉರಿದ ದಿನಗಳನ್ನು ನಮ್ಮ ಸೀಮೆಯವರು ಇನ್ನೂ ಮರೆತಿಲ್ಲ.

ಇಲ್ಲಿ ಸೋಲಿಗರ ಮಾತನ್ನು ಬಿಟ್ಟು ಮುಂದೆ ಹೋಗಲಾಗದು. ಹಿಂದೆ ಅವರು ಬೇಸಿಗೆಯ ಮೊದಲಿಗೆ ಕಾಡಿನ ತರಗೆಲೆಗೆ ಹಗುರವಾಗಿ ಬೆಂಕಿ ಇಡುತ್ತಿದ್ದರು. ತರಗು ಬೆಂಕಿ ಎಂದು ಅದಕ್ಕೆ ಹೆಸರು. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾದ ಮೇಲೆ ಆ ಬೆಂಕಿ ಅಪರಾಧವಾಯಿತು. ತರಗು ಬೆಂಕಿ ನಿಂತ ಮೇಲೆಯೇ ಲಂಟಾನ ಕೈಮೀರಿತು ಎನ್ನುವುದು ಸೋಲಿಗರ ವಾದ. ವಿಜ್ಞಾನಿಗಳು ಈಗ ಈ ಮಾತನ್ನು ಗಂಭೀರವಾಗಿಯೇ ಚರ್ಚಿಸುತ್ತಾರೆ. ಅಂದರೆ ಯಾರದೋ ಅಂಗಳದ ಚೆಂದಕ್ಕೆ ಬಂದ ಗಿಡ, ಇನ್ಯಾರದೋ ಒಳ್ಳೆಯ ಉದ್ದೇಶದ ಕಾನೂನಿನ ನೆರಳಲ್ಲಿ ಬೆಳೆದು, ಕೊನೆಗೆ ಗೆಡ್ಡೆ ಗೆಣಸು ಜೇನು ನಂಬಿದ ಜನರ ದಾರಿಯನ್ನೇ ಮುಚ್ಚಿತು. ಈಗ ಅದೇ ಸೋಲಿಗರು ಮಲೆಮಹದೇಶ್ವರ ಬೆಟ್ಟದಲ್ಲಿ ಲಂಟಾನದ ಕಡ್ಡಿಯನ್ನು ಬೇಯಿಸಿ, ಸುಲಿದು, ಕುರ್ಚಿ ಮೇಜು ಮಾಡುತ್ತಾರೆ. ಲಂಟಾನದ ಕಡ್ಡಿಯಲ್ಲಿ ಹೆಣೆದ ಆಳೆತ್ತರ ಮೀರಿದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಿಗೂ ಹೋಗಿ ನಿಂತವು. ಹೂವಾಗಿ ಹಡಗಿನಲ್ಲಿ ಬಂದದ್ದು ಆನೆಯಾಗಿ ಹೋಯಿತು ಎಂದು ನಾನು ನಗುತ್ತಾ ಹೇಳಿದರೆ ಅವ್ವ ನಗಲಿಲ್ಲ.

ಕಲ್ಕತ್ತೆಯಲ್ಲಿ ಮೊದಲ ಗಿಡ ನೆಟ್ಟ ಆ ತೋಟಗಾರನನ್ನು ನಾನು ಹಲವು ಸಲ ನೆನೆದಿದ್ದೇನೆ. ಅವನು ತಪ್ಪಿತಸ್ಥನೆ? ಹಕ್ಕಿಯ ಹೊಟ್ಟೆಯೊಳಗಿನ ಬೀಜ ಎರಡು ಶತಮಾನ ಕಳೆದು ಬಂಡೀಪುರದಲ್ಲಿ ಏನು ಮಾಡುತ್ತದೆ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಎಂಬ ಇಬ್ಬರು ತತ್ತ್ವಶಾಸ್ತ್ರಜ್ಞರು ಇಂಥದೇ ಒಂದು ಪ್ರಶ್ನೆಯನ್ನು ಒಟ್ಟಿಗೆ ಎತ್ತಿದರು. ನೈತಿಕ ಅದೃಷ್ಟ ಎಂದು ಅದಕ್ಕೆ ಹೆಸರಿಟ್ಟರು. ವಿಲಿಯಮ್ಸ್ ಕೊಡುವ ಉದಾಹರಣೆಯಲ್ಲಿ ಒಬ್ಬ ಲಾರಿ ಡ್ರೈವರ್ ತನ್ನ ತಪ್ಪೇನೂ ಇಲ್ಲದೆ ಒಂದು ಮಗುವಿಗೆ ಗುದ್ದುತ್ತಾನೆ. ನಿನ್ನ ತಪ್ಪಿಲ್ಲ ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ಹೇಳಬೇಕಾದ್ದೂ ಹಾಗೆಯೇ. ಆದರೆ ಅವನು ಆ ಕೂಡಲೇ, ಹೌದಲ್ಲ, ನನ್ನ ತಪ್ಪಿಲ್ಲ ಎಂದು ಬೀಡಿ ಹಚ್ಚಿ ಮುಂದೆ ಹೊರಟರೆ ನಮಗೆ ಅವನ ಬಗ್ಗೆ ಏನೋ ಸಂಶಯ ಬರುತ್ತದೆ. ಈ ಮಾತು ನಮ್ಮ ಕಡೆಯವರಿಗೆ ಬೇಗ ಅರ್ಥವಾದೀತು. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ ಸಂಚಾರ ನಿಂತದ್ದು 2009ರಲ್ಲಿ. ಅದಕ್ಕೆ ಮುಂಚೆ ಆ ದಾರಿಯಲ್ಲಿ ಜಿಂಕೆಗೆ ಗುದ್ದಿದ ಡ್ರೈವರುಗಳೆಲ್ಲ ಕೆಟ್ಟವರಾಗಿರಲಿಲ್ಲ. ಕೆಲವರು ಇಳಿದು ನೋಡಿರಬಹುದು, ಕೆಲವರು ಇಲ್ಲ. ತಪ್ಪು ಇಬ್ಬರದೂ ಅಷ್ಟೇ ಇದ್ದರೂ ಇಬ್ಬರೂ ಒಂದೇ ಅಲ್ಲ ಎಂದು ನಮಗೆ ಅನ್ನಿಸುತ್ತದೆ.

ಕಲ್ಕತ್ತೆಯ ತೋಟಗಾರನನ್ನು ಬಿಟ್ಟುಬಿಡೋಣ, ಅವನಿಗೆ ಗೊತ್ತಿರಲಿಲ್ಲ. ನನ್ನ ಸೊಸೆಗೂ ಗೊತ್ತಿರಲಿಲ್ಲ. ಆದರೆ ಅವ್ವ ಎಲೆ ಮೂಸಿ ಹೆಸರು ಹೇಳಿದ ಗಳಿಗೆಯಿಂದ ನಮಗೆಲ್ಲ ಗೊತ್ತು. ಗೊತ್ತಿಲ್ಲದವನ ಹೂವಿಗೂ ಗೊತ್ತಿದ್ದವನ ಹೂವಿಗೂ ಬಣ್ಣ ಒಂದೇ, ಹೂವು ಮಾತ್ರ ಒಂದಲ್ಲ.

ಇಷ್ಟು ಹೇಳಿ ನಾನು ಅವ್ವನ ಪರ ತೀರ್ಪು ಕೊಟ್ಟು ಎದ್ದುಬಿಡಬಹುದಿತ್ತು. ಆದರೆ ಓದುವ ಹುಡುಗಿ, ಸುಮ್ಮನಿರುತ್ತಾಳೆಯೆ? ಆ ರಾತ್ರಿ ಊಟಕ್ಕೆ ಕೂತಾಗ ಕೇಳಿದಳು. “ಹೊರಗಿಂದ ಬಂದದ್ದು ಬೇಡ ಅಂದ್ರೆ ಚೆಂಡು ಹೂ ಎಲ್ಲಿಂದ ಬಂತು ಮಾವ? ಕಾಗದದ ಹೂ? ನಿತ್ಯಪುಷ್ಪ?” ಚೆಂಡು ಹೂವಿನ ತವರು ಮೆಕ್ಸಿಕೊ. ಕಾಗದದ ಹೂ ಬ್ರೆಜಿಲಿನದು. ಅದರಲ್ಲಿ ನಾವು ಹೂ ಎಂದುಕೊಂಡಿರುವುದು ಬಣ್ಣ ಕಟ್ಟಿದ ಎಲೆ, ನಿಜವಾದ ಹೂ ಅದರ ನಡುವೆ ಬಿಳಿಯ ಚುಕ್ಕಿಯಂತೆ ಇರುತ್ತದೆ. ಅವ್ವನ ನಿತ್ಯಪುಷ್ಪ ಮಡಗಾಸ್ಕರ್ ದ್ವೀಪದಿಂದ ಬಂದದ್ದು. ಅದರ ಎಲೆಯಿಂದ ತೆಗೆದ ಮದ್ದು ಎಷ್ಟೋ ಮಕ್ಕಳ ರಕ್ತದ ಕ್ಯಾನ್ಸರಿಗೆ ಆಗಿದೆ. ತಟ್ಟೆಯಲ್ಲಿದ್ದ ಸಾರಿನ ಟೊಮೆಟೊ, ಮೆಣಸಿನಕಾಯಿ ಎರಡೂ ಅಮೆರಿಕದವು. ಕೊನೆಗೆ ಮುದ್ದೆಯನ್ನು ತೋರಿಸಿ ನಾನೇ ಹೇಳಿದೆ, ರಾಗಿ ಕೂಡ ಸಾವಿರಾರು ವರ್ಷದ ಹಿಂದೆ ಆಫ್ರಿಕದಿಂದ ಬಂದದ್ದೇ ಎಂದು. ಅವ್ವ ತನ್ನ ಮುದ್ದೆಯನ್ನು ಒಂದು ಗಳಿಗೆ ಅನುಮಾನದಿಂದ ನೋಡಿ ಮುರಿದಳು.

ಹುಡುಗಿ ಎತ್ತಿದ್ದು ಸಣ್ಣ ಮಾತಲ್ಲ. ಹೊರಗಿನದು, ಒಳಗಿನದು ಎಂಬ ಮಾತನ್ನು ಗಿಡದ ಬಗ್ಗೆ ಆಡಿ ಆಡಿ ನಾಲಗೆಗೆ ರೂಢಿಯಾದರೆ ಮನುಷ್ಯರ ಬಗ್ಗೆಯೂ ಅದೇ ಸಲೀಸಾಗಿ ಹೊರಡುತ್ತದೆ. ನಮ್ಮದು ಮೂರು ರಾಜ್ಯಗಳ ಗಡಿ ಕೂಡುವ ಸೀಮೆ. ಸಂತೆಯಲ್ಲಿ ಕನ್ನಡ, ತಮಿಳು, ಮಲಯಾಳ ಮೂರೂ ಕೇಳುತ್ತವೆ. ಯಾರು ಎಲ್ಲಿಂದ ಬಂದರು ಎಂದು ಕೆದಕುತ್ತಾ ಹೋದರೆ ಯಾರ ಮನೆಯ ಜಗಲಿಯೂ ಗಟ್ಟಿಯಾಗಿ ನಿಲ್ಲದು. ಆದ್ದರಿಂದ ಲಂಟಾನದ ಮೇಲಿನ ನನ್ನ ದೂರು ಅದು ಎಲ್ಲಿಂದ ಬಂತು ಎಂಬುದಲ್ಲ. ಬಂದ ಮೇಲೆ ಅದು ಪಕ್ಕದವರಿಗೆ ಜಾಗ ಬಿಟ್ಟಿತೆ ಎಂಬುದು. ನಿತ್ಯಪುಷ್ಪ ಬಂದು ಪೇಂಟ್ ಡಬ್ಬದಲ್ಲಿ ಕೂತಿತು. ರಾಗಿ ಬಂದು ಅವರೆಗೂ ಸಾಸಿವೆಗೂ ಸಾಲು ಬಿಟ್ಟಿತು. ಲಂಟಾನ ಬಂದ ಕಡೆ ಅದೊಂದೇ ಉಳಿಯುತ್ತದೆ.

ಆದರೆ ಈ ಅಳತೆಯೂ ನೇರವಾಗಿಲ್ಲ. ನಮ್ಮ ಹೊಲಗಳಲ್ಲಿ ಅಣ್ಣೆ ಸೊಪ್ಪು ಎಂಬ ಕಳೆ ಏಳುತ್ತದೆ. ಜೋಳದ ಹೊಲಕ್ಕೆ ಹೊಕ್ಕರೆ ಬೆಳೆಯನ್ನೇ ನುಂಗುತ್ತದೆ, ಅದನ್ನು ಬೈಯದ ರೈತನಿಲ್ಲ. ಎಳೆಯದಿದ್ದಾಗ ಕುಯ್ದು ತಂದರೆ ಬಸ್ಸಾರಿಗೆ ಅದಕ್ಕಿಂತ ರುಚಿಯ ಸೊಪ್ಪಿಲ್ಲ. ಬಲಿತರೆ ತುದಿಯಲ್ಲಿ ಬೆಳ್ಳಿಗೆ ಗುಲಾಬಿ ಅದ್ದಿದಂಥ ತೆನೆ ಹೂ. ಉದ್ಯಾನಗಳಲ್ಲಿ ಸಾಲಾಗಿ ನಿಲ್ಲಿಸುವ ಕೋಳಿಜುಟ್ಟಿನ ಹೂ ಇದೇ ಗಿಡದ ಸಾಕಿದ ರೂಪ. ಒಂದೇ ಗಿಡ ಹೊಲದಲ್ಲಿ ಕಳೆ, ಒಲೆಯ ಮೇಲೆ ಊಟ, ಕುಂಡದಲ್ಲಿ ಅಲಂಕಾರ. ಗಿಡದ ಗುಣ ಗಿಡದೊಳಗೆ ಎಷ್ಟಿದೆಯೋ ಅದನ್ನು ಇಟ್ಟ ಜಾಗದಲ್ಲಿಯೂ ಅಷ್ಟೇ ಇದೆ. ಬೇಸಾಯದ ಮನೆಯವರಿಗೆ ಇದೇನು ಹೊಸ ವಿಷಯವಲ್ಲ, ಬರೆಯುವ ನಮಗೇ ಕಂಡುಹಿಡಿದಂತೆ ಅನ್ನಿಸುವುದು.

ಬಣ್ಣದ ಮಾತಿಗೆ ಬಂದರೆ ನಮ್ಮ ಸೀಮೆಗೆ ಬಣ್ಣದ ಬರ ಇಲ್ಲ. ಮುಂಗಾರು ಹಿಡಿದ ಮೇಲೆ ಗುಂಡ್ಲುಪೇಟೆಯ ಆಚೀಚೆ ಎಕರೆಗಟ್ಟಲೆ ಚೆಂಡು ಹೂ, ಸೂರ್ಯಕಾಂತಿ. ಕೇರಳದಿಂದ ಕಾರುಗಳಲ್ಲಿ ಬಂದವರು ಹೊಲದ ನಡುವೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕೆಲವು ರೈತರು ಅದಕ್ಕೆ ಹತ್ತಿಪ್ಪತ್ತು ರೂಪಾಯಿ ವಸೂಲಿ ಮಾಡುತ್ತಾರೆ. ಮಾಡಲಿ, ಬೆಳೆಗೆ ಬೆಲೆ ಸಿಗದ ವರ್ಷವೂ ಆ ದುಡ್ಡಾದರೂ ಉಳಿಯುತ್ತದಲ್ಲ. ಓಣಂ ಹೊತ್ತಿಗೆ ಒಂದಷ್ಟು ಹೂ ಗಡಿ ದಾಟಿ ಅಲ್ಲಿನ ಅಂಗಳಗಳ ರಂಗೋಲಿಯಾಗುತ್ತದೆ. ಮಿಕ್ಕ ಬಹುಪಾಲು ಕಾರ್ಖಾನೆಗೆ. ಕಂಪನಿಯವರು ಬೀಜ ಕೊಟ್ಟು ಬೆಳೆಸಿ, ಕೆ.ಜಿ. ಲೆಕ್ಕದಲ್ಲಿ ಹೂ ಕೊಂಡು, ಒಣಗಿಸಿ, ಅದರೊಳಗಿನ ಲುಟೀನ್ ಎಂಬ ಬಣ್ಣವನ್ನು ಹಿಂಡಿ ತೆಗೆಯುತ್ತಾರೆ. ಅದು ಕಣ್ಣಿನ ಮಾತ್ರೆಗೂ ಹೋಗುತ್ತದೆ, ಕೋಳಿ ಮೇವಿಗೂ ಹೋಗುತ್ತದೆ. ಮೇವಿನಲ್ಲಿ ಈ ಬಣ್ಣ ಇದ್ದರೆ ಮೊಟ್ಟೆಯ ಭಂಡಾರ ಕಡು ಹಳದಿಯಾಗುತ್ತದೆ. ಭಂಡಾರ ಬಿಳಿಚಿಕೊಂಡಿದ್ದರೆ ಕೊಳ್ಳುವವರು ಮೂಗು ಮುರಿಯುತ್ತಾರೆ. ಎಲ್ಲಿಯೋ ಒಬ್ಬರು ಬೆಳಿಗ್ಗೆ ಆಮ್ಲೆಟ್ ನೋಡಿ ಚೆನ್ನಾಗಿದೆ ಅಂದುಕೊಳ್ಳುವ ಆ ಬಣ್ಣ ನಮ್ಮ ಹೊಲದ್ದಾಗಿರಬಹುದು.

ಆ ಹೂ ಕುಯ್ಯುವ ಹೆಂಗಸರಲ್ಲಿ ಅವ್ವನೂ ಒಬ್ಬಳಾಗಿದ್ದಳು, ಮಂಡಿ ನೋವು ಬರುವವರೆಗೆ. ಸಂಜೆ ಮನೆಗೆ ಬಂದರೆ ಬೆರಳ ಸಂದಿಯೆಲ್ಲ ಹಸಿರುಗಪ್ಪು ಅಂಟು, ಎಷ್ಟು ತೊಳೆದರೂ ಅನ್ನ ಕಲಸುವಾಗ ಚೆಂಡು ಹೂವಿನ ಘಾಟು. ಅದಕ್ಕೇ ಇರಬೇಕು ನಮ್ಮ ಮನೆಮುಂದೆ ಅವಳು ಚೆಂಡು ಹೂ ಹಾಕಿಲ್ಲ. “ಅದ ನೋಡುದ್ರ ನಂಗ ತೂಕದ ಕಲ್ಲು ಗ್ಯಾನ ಬತ್ತದ” ಎಂದಿದ್ದಳು ಒಮ್ಮೆ. ಹೊಲದ ಚೆಂಡು ಹೂವನ್ನು ನೋಡಿ ಕಾರಿನಿಂದ ಇಳಿದವರಿಗೆ ಸ್ವರ್ಗ ಕಾಣುತ್ತದೆ, ಅವ್ವನಿಗೆ ತಕ್ಕಡಿ ಕಾಣುತ್ತದೆ. ಇಬ್ಬರ ಕಣ್ಣೂ ಸುಳ್ಳಲ್ಲ.

ಹಾಗಾದರೆ ಅವಳು ಯಾಕೆ ಬೇರೆ ಹೂ ಬೆಳೆಸುತ್ತಾಳೆ? ಇಲ್ಲಿ ನೀರಿನ ವಿಷಯ ಹೇಳಲೇಬೇಕು. ನಮ್ಮದು ಮಳೆ ನಂಬಲಾಗದ ಸೀಮೆ. ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಟ್ಟರೆ ಬೀದಿಯೆಲ್ಲ ಕೊಡ ಹಿಡಿದು ನಿಲ್ಲುತ್ತದೆ. ಅಂಥ ಒಂದು ಏಪ್ರಿಲ್‌ನಲ್ಲಿ ಅವ್ವ ದಾಸವಾಳದ ಬುಡಕ್ಕೆ ನೀರು ಹಾಕುತ್ತಿದ್ದಾಗ ಪಕ್ಕದ ಮನೆಯ ಅಕ್ಕ ಬೇಲಿಯಾಚೆಯಿಂದಲೇ, “ನಮ್ಗ ಕುಡಿಯಕಿಲ್ಲ, ನಿಮ್ಗ ಹೂಗ ಬೇಕಾ ದೊಡ್ಡವ್ವ” ಎಂದುಬಿಟ್ಟಳು. ಅವ್ವ ಉತ್ತರ ಕೊಡಲಿಲ್ಲ. ಆ ಬಾನಿಯಲ್ಲಿದ್ದದ್ದು ಅಕ್ಕಿ ತೊಳೆದ ನೀರು, ಪಾತ್ರೆ ಬೆಳಗಿದ ನೀರು. ಅದನ್ನು ಹೇಳಿ ಗೆಲ್ಲಬಹುದಿತ್ತು, ಹೇಳಲಿಲ್ಲ. ಅವತ್ತಿನಿಂದ ಒಂದು ನೇಮ ಮಾಡಿಕೊಂಡಳು. ಮನೆಯೊಳಗೆ ಒಂದು ಸಲ ಬಳಸದ ನೀರು ಗಿಡಕ್ಕಿಲ್ಲ. ಆ ಬೇಸಿಗೆ ಎರಡು ಗುಲಾಬಿ ಗಿಡ ಒಣಗಿದವು. ಅವನ್ನು ಮತ್ತೆ ತರಲಿಲ್ಲ.

ನಮ್ಮ ಅಂಗಳದ ವ್ಯಕ್ತಿತ್ವ ಎನ್ನುವುದೇನಾದರೂ ಇದ್ದರೆ ಅದು ಬಂದದ್ದು ಇಲ್ಲಿಂದ. ಯಾರೂ ಕೂತು ಬಣ್ಣ ಆರಿಸಲಿಲ್ಲ. ಎಂಜಲು ನೀರಿನಲ್ಲಿ, ಅರ್ಧ ದಿನದ ಬಿಸಿಲಿನಲ್ಲಿ, ಆಡುಗಳ ಬಾಯಿಂದ ಉಳಿದು ಯಾವುದು ಬದುಕಿತೋ ಅದರ ಬಣ್ಣ ಉಳಿಯಿತು. ಬೆಂಗಳೂರಿನ ಬೀದಿಗಳಲ್ಲಿ ಒಂದು ಜಾತಿಯ ಮರ ಹೂ ಮುಗಿಸುವಷ್ಟರಲ್ಲಿ ಇನ್ನೊಂದು ಅರಳುವಂತೆ ಮರ ಹಾಕಿಸಿದ ಕೀರ್ತಿ ಜರ್ಮನಿಯ ತೋಟಗಾರ ಕ್ರುಂಬಿಗಲ್‌ಗೆ ಸಲ್ಲುತ್ತದೆ. ಅವನ ಕೈಯಲ್ಲಿ ಮೈಸೂರು ಸಂಸ್ಥಾನದ ನೀರೂ ಆಳುಗಳೂ ಇದ್ದವು. ಅವ್ವನ ಕೈಯಲ್ಲಿ ಒಂದು ಬಾನಿ ಇತ್ತು. ಹಾಗಿದ್ದೂ ಚಳಿಗಾಲಕ್ಕೆ ಸ್ಫಟಿಕ, ಬೇಸಿಗೆಗೆ ಕನಕಾಂಬರ, ಎಲ್ಲ ಕಾಲಕ್ಕೂ ನಿತ್ಯಪುಷ್ಪ ಎಂದು ಅವಳೂ ಒಂದು ಸರದಿ ಕಟ್ಟಿದ್ದಳು. ನಾನದನ್ನು ಗಮನಿಸಿದ್ದು ಕ್ರುಂಬಿಗಲ್ ಬಗ್ಗೆ ಓದಿದ ಮೇಲೆ, ನಾಚಿಕೆಯ ವಿಷಯ.

ಇನ್ನೊಂದು ವಿಷಯವನ್ನು ನಾನು ಇಷ್ಟು ವರ್ಷ ಕಂಡೂ ಕಾಣದಂತಿದ್ದೆ. ಅಪ್ಪ ತೀರಿಕೊಂಡು 22 ವರ್ಷವಾಯಿತು. ಅಂದಿನಿಂದ ಅವ್ವ ಹೂ ಮುಡಿದಿಲ್ಲ. ಯಾರೂ ಬೇಡ ಎಂದು ಬಾಯಿಬಿಟ್ಟು ಹೇಳಿರಲಿಕ್ಕಿಲ್ಲ. ಹೇಳಬೇಕಾದ ಅಗತ್ಯವೇ ಇಲ್ಲದಷ್ಟು ಎಲ್ಲರಿಗೂ ಗೊತ್ತಿರುವ ವಿಷಯ ಅದು. ಆದರೆ ಕನಕಾಂಬರದ ಸಾಲು ಹಾಕಿದ್ದು ಅಪ್ಪ ಹೋದ ಮಾರನೆಯ ವರ್ಷ. ಸಂಜೆ ಹೂ ಬಿಡಿಸಿ, ಜಗಲಿಯಲ್ಲಿ ಕೂತು, ಬಾಳೆನಾರಿನಲ್ಲಿ ಕಟ್ಟಿ, ಬೀದಿಯ ಹುಡುಗಿಯರಿಗೆ, ಬಸುರಿಯರಿಗೆ, ಪರೀಕ್ಷೆಗೆ ಹೋಗುವವರಿಗೆ ಮೊಳಮೊಳ ಹರಿದು ಕೊಡುತ್ತಾಳೆ. ಕುಡಿಯಲು ನೀರಿಲ್ಲ ಎಂದು ಆಡಿದ ಪಕ್ಕದ ಮನೆಯ ಅಕ್ಕನ ಮಗಳ ಮದುವೆಗೆ ಮೂರು ದಿನ ಕೂತು ಕಟ್ಟಿದಳು. ಮದುವೆಯ ದಿನ ಮನೆಯಲ್ಲೇ ಉಳಿದಳು.

ಇದನ್ನು ನಾನು ತ್ಯಾಗ ಎಂದು ಬರೆದರೆ ಅದು ಸುಳ್ಳಾಗುತ್ತದೆ, ಅನ್ಯಾಯವನ್ನು ಚೆಂದ ಮಾಡಿ ತೋರಿಸಿದಂತೆ. ಹೂ ಬೆಳೆಸಿದ ಕೈಗೆ ಹೂ ಮುಡಿಯುವ ಹಕ್ಕಿಲ್ಲ ಎನ್ನುವ ಕಟ್ಟಳೆ ಕ್ರೂರವಾದದ್ದೇ. ಆದರೆ ಅವಳ ಅಂಗಳವನ್ನು ಆ ಕ್ರೌರ್ಯದ ಫಲ ಎಂದಷ್ಟೇ ಹೇಳಿದರೂ ಸುಳ್ಳು. ಅವಳು ಅದನ್ನು ಖುಷಿಯಿಂದಲೇ ಮಾಡುತ್ತಾಳೆ. ಕನಕಾಂಬರದ ಒಣಗಿದ ಕಾಯಿಯನ್ನು ಒದ್ದೆ ಮಾಡಿದರೆ ಪಟ್ಟೆಂದು ಸಿಡಿಯುತ್ತದೆ. ಮಕ್ಕಳಿಗೆ ಅದನ್ನು ತೋರಿಸಿ ತಾನೂ ಪ್ರತಿಸಲವೂ ಬೆಚ್ಚಿದಂತೆ ಮಾಡಿ ನಗುವ ಅವಳನ್ನು ನೀವು ನೋಡಬೇಕು. ನಾನು ಒಮ್ಮೆ ನೇರವಾಗಿಯೇ ಕೇಳಿದೆ, ಮುಡಿಯದವಳು ಯಾಕೆ ಇಷ್ಟು ಬೆಳೆಸುತ್ತೀ ಎಂದು. ನನ್ನ ಪ್ರಶ್ನೆಯೇ ಮೊಂಡು. ಅವಳು ನನ್ನನ್ನು ದಡ್ಡನನ್ನು ನೋಡುವಂತೆ ನೋಡಿ, “ನನ್ ತಲ ನಂಗ ಕಂಡದ? ಅವ್ರ ತಲ ನಂಗ ಕಾಣ್ತದ” ಎಂದಳು.

ಈ ಮಾತನ್ನು ಇಟ್ಟುಕೊಂಡು ನಾನು ಮೊದಲಿನ ಪ್ರಶ್ನೆಗೆ ವಾಪಸು ಹೋದೆ. ನನ್ನ ಅಂಗಳದ ಬಣ್ಣ ನನ್ನ ವ್ಯಕ್ತಿತ್ವ ಎನ್ನುವವರು ಹೂವನ್ನು ತಮ್ಮ ಕನ್ನಡಿ ಮಾಡಿಕೊಂಡಿರುತ್ತಾರೆ. ಆದರೆ ಹೂವಿನ ಬಣ್ಣ ಇರುವುದೇ ಬೇರೆಯವರಿಗೆ. ಲಂಟಾನದ ಗೊಂಚಲನ್ನೇ ನೋಡಿ. ಹೊಸದಾಗಿ ಅರಳಿದ ಹೂ ಹಳದಿ, ಅದರಲ್ಲಿ ಮಧು ಇರುತ್ತದೆ. ಒಂದೆರಡು ದಿನ ಕಳೆದದ್ದು ಗುಲಾಬಿಗೋ ಕೆಂಪಿಗೋ ತಿರುಗುತ್ತದೆ, ಮಧು ಮುಗಿದಿರುತ್ತದೆ. ಚಿಟ್ಟೆಗಳು ಹಳದಿಗೇ ಹೋಗುತ್ತವೆ. ನಾವು ಚೆಂದ ಎನ್ನುವ ಆ ಎರಡು ಬಣ್ಣ ಗಿಡ ಚಿಟ್ಟೆಗೆ ಬರೆದ ಸೂಚನೆ, ನಾವು ನಡುವೆ ನಿಂತು ಓದುತ್ತಿದ್ದೇವೆ. ಯಾವ ಅಂಗಳದ ಬಣ್ಣವೂ ಬೇಲಿಯೊಳಗೆ ನಿಲ್ಲುವುದಿಲ್ಲ. ಒಂದು ಹಕ್ಕಿಯ ಹೊಟ್ಟೆಯಲ್ಲಿ ಬೇಲಿ ದಾಟುತ್ತದೆ, ಇನ್ನೊಂದು ಪಕ್ಕದ ಮನೆ ಹುಡುಗಿಯ ಜಡೆಯಲ್ಲಿ. ನನ್ನ ಖುಷಿ ನನ್ನದು ಎನ್ನುವ ಮಾತಿನಲ್ಲಿ ನನಗೆ ಕಾಣುವ ಕೊರತೆ ಇಷ್ಟೆ. ಅದು ಬೇಲಿ ದಾಟುವ ಭಾಗವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗೆಂದು ಹಿಡಿಯಬೇಕು ಎಂದು ಹೇಳುವುದು ಸುಲಭ, ಎಷ್ಟು ದೂರದವರೆಗೆ ಎಂದು ಹೇಳುವುದು ಕಷ್ಟ. ಎರಡು ಶತಮಾನದವರೆಗೆ ಯಾರು ಲೆಕ್ಕ ಹಾಕಿಯಾರು? ಹಳದಿ ಹೂವಿನ ಸೆನ್ನಾ ಮರಗಳನ್ನು ವಯನಾಡಿನಲ್ಲಿ ಚೆಂದಕ್ಕೆಂದು, ನೆರಳಿಗೆಂದು ನೆಟ್ಟವರೂ ಕಾಡಿನ ಬಗ್ಗೆ ತಿಳಿದವರೇ ಆಗಿದ್ದರು. ಅದು ಈಗ ಅಲ್ಲಿಂದ ಬಂಡೀಪುರ, ನಾಗರಹೊಳೆಗಳಿಗೂ ಹಬ್ಬಿ ಲಂಟಾನದ ಜೊತೆ ಸೇರಿಕೊಂಡಿದೆ.

ಸೊಸೆಯ ಕುಂಡದ ವಿಷಯದಲ್ಲಿ ನಾನು ಕೊಟ್ಟ ತೀರ್ಪು ಹೇಡಿಯದು. ಬೀಜ ಕಟ್ಟದ ತಳಿ ಎಂದಿದ್ದಾರಲ್ಲ, ಕುಂಡದಲ್ಲೇ ಇರಲಿ, ನೆಲಕ್ಕೆ ಇಡುವುದು ಬೇಡ ಎಂದೆ. ಹುಡುಗಿಯ ಮುಖ ಅರಳಿತು. ಅವ್ವ ಏನೂ ಹೇಳದೆ ಕುಂಡವನ್ನು ಜಗಲಿಯ ಹತ್ತಿರ, ತನ್ನ ಕಣ್ಣಿಗೆ ಬೀಳುವ ಕಡೆ ಇಟ್ಟಳು. ಬೀಜ ಕಟ್ಟದ್ದು ಎನ್ನುವ ತಳಿಯೂ ಪರಾಗ ಕೊಟ್ಟು ಬೇರೆ ಗಿಡದಲ್ಲಿ ಬೀಜ ಕಟ್ಟಿಸಬಲ್ಲದು ಎಂದು ನಾನು ಓದಿದ್ದು ಆಮೇಲೆ. ರಜೆ ಮುಗಿದು ಹುಡುಗಿ ಮೈಸೂರಿಗೆ ಹೋದಳು. ಹೋಗುವ ಹಿಂದಿನ ಸಂಜೆ ಅವ್ವ ಹೂ ಕಟ್ಟುತ್ತಿದ್ದಾಗ ಹಿಂದಿನಿಂದ ಬಂದು ಒಂದು ತುಂಡು ಕನಕಾಂಬರವನ್ನು ಅವಳ ತುರುಬಿಗೆ ಸಿಕ್ಕಿಸಿಬಿಟ್ಟಳು. ನಾನು ಉಸಿರು ಹಿಡಿದು ಕೂತೆ. ಅವ್ವನ ಕೈ ತಲೆಯವರೆಗೆ ಹೋಯಿತು, ಅಲ್ಲೇ ನಿಂತಿತು, ಮತ್ತೆ ಇಳಿದು ನಾರು ಹಿಡಿಯಿತು. ಎರಡು ಮೊಳ ಕಟ್ಟುವಷ್ಟು ಹೊತ್ತು ಆ ಹೂ ಅಲ್ಲೇ ಇತ್ತು. ಬೀದಿಯ ತುದಿಯಲ್ಲಿ ಯಾರದೋ ಮಾತು ಕೇಳಿದ ಮೇಲೆ ತೆಗೆದು ತುಳಸಿಗೆ ಇಟ್ಟಳು.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಅವ್ವ ನನ್ನನ್ನು ಕರೆದು ಕುಂಡ ತೋರಿಸಿದಳು. ಎಲೆಯ ಅಡಿಯಲ್ಲಿ ಮೂರು ಗೊಂಚಲು ಕಾಯಿ. ಎರಡು ಇನ್ನೂ ಹಸಿರು. ಒಂದು ಕಪ್ಪಾಗಿತ್ತು, ಅದರಲ್ಲಿ ನಾಲ್ಕು ಹಣ್ಣಿದ್ದವು, ಮಿಕ್ಕ ತೊಟ್ಟುಗಳು ಖಾಲಿ. ನರ್ಸರಿಯವರು ಸುಳ್ಳು ಹೇಳಿದರೋ, ಅವರಿಗೂ ಗೊತ್ತಿರಲಿಲ್ಲವೋ, ಅದನ್ನು ಕೇಳಿ ಈಗ ಏನಾಗಬೇಕು? ನಾನು ಗಿಡವನ್ನು ಬೇರುಸಹಿತ ಕಿತ್ತು, ಕಾಯಿಗಳನ್ನು ಒಂದೊಂದಾಗಿ ಬಿಡಿಸಿ ಒಲೆಗೆ ಹಾಕಿದೆ. ಸೊಸೆಗೆ ಫೋನ್ ಮಾಡಿ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಖಾಲಿ ತೊಟ್ಟು ಎಷ್ಟಿದ್ವು ಮಾವ?” ಎಂದಳು. ನಾನು ಎಣಿಸಿರಲಿಲ್ಲ. ಅವ್ವ ಎಣಿಸಿದ್ದಳು. ಹನ್ನೊಂದು.

ಆ ಕುಂಡದಲ್ಲಿ ಈಗ ಅಣ್ಣೆ ಸೊಪ್ಪು ಇದೆ, ತಾನಾಗಿ ಎದ್ದದ್ದು. ತೆನೆ ಬಿಟ್ಟಿದೆ. ಹುಡುಗಿ ಈ ಸಲ ಬಂದಾಗ ಅದರ ಫೋಟೊ ತೆಗೆದುಕೊಂಡಳು. ಮುಂಗಾರಿನ ಮೊದಲ ಮಳೆ ಬಿದ್ದು ಹತ್ತು ದಿನಕ್ಕೆ ನಾನೂ ಅವಳೂ ಬೇಲಿಯ ಉದ್ದಕ್ಕೂ, ಪಕ್ಕದ ಮನೆಯ ಹಿತ್ತಲಿನಲ್ಲೂ, ಬೀದಿಯ ಬೇವಿನ ಮರದ ಬುಡದಲ್ಲೂ ಬಗ್ಗಿ ಬಗ್ಗಿ ಹುಡುಕಿದೆವು. ಎರಡು ಸಿಕ್ಕಿದವು, ಎರಡೆಲೆಯ ಸಸಿಗಳು, ಮೂಸಿ ನೋಡಿ ಕಿತ್ತೆವು. ಪಕ್ಕದ ಮನೆಯ ಅಕ್ಕ ಏನು ಕಳೆದುಕೊಂಡಿರಿ ಎಂದು ಕೇಳಿದಳು.